ಹೇಳಿಕೊಳ್ಳಲಾಗದ ಬೇನೆ



ಕೊಳೆರೋಗ, ಬೋರ್ಡೋ ದ್ರಾವಣ, ಪೇಟೆ ಧಾರಣೆಗಳ ನಡುವೆ ಈ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹೋದ ವರ್ಷ ನಡೆದ ಒಂದು ಸಂಗತಿ ನನ್ನಿಂದ ಇದನ್ನು ಬರೆಸುತ್ತಿದೆ.

ಅಡಿಕೆ ಸುಲಿಯುವಾಗ ಪದೇ ಪದೇ ಎದ್ದು ಹೋಗುತ್ತಿದ್ದ ಒಬ್ಬ ಹೆಣ್ಣಾಳನ್ನು ನಾನು ಗದರಿಸಿದೆ. ಮರುದಿನದಿಂದ ಆಕೆ ಎದ್ದು ಹೋಗಲಿಲ್ಲ. ಸಂಜೆಯವರೆಗೆ ನೀರನ್ನೂ ಕುಡಿಯಲಿಲ್ಲ. ನಾಲ್ಕನೆಯ ದಿನ ಕೆಲಸಕ್ಕೇ ಬರಲಿಲ್ಲ. ಕಾರಣ ತಿಳಿದದ್ದು ನಮ್ಮ ಮನೆಯವರಿಂದ. ಮೂರನೆಯ ಹೆರಿಗೆಯಾದಂದಿನಿಂದ ಆಕೆಗೆ ಕಾಲ್ಮಡಿ ತಡೆಯಲಾಗುತ್ತಿರಲಿಲ್ಲ. ಆರು ವರ್ಷ ಯಾರಿಗೂ ಹೇಳಿರಲಿಲ್ಲ.

ಇದು ಅಪರೂಪದ ಬೇನೆಯಲ್ಲ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಲಿಯಂತೆ ಎತ್ತಿ ಹಿಡಿದ ಸ್ನಾಯುಗಳಿವೆ. ಹೆರಿಗೆಯಲ್ಲಿ ಇವು ಹಿಗ್ಗಿ ಸಡಿಲಾಗುತ್ತವೆ. ಬಾಣಂತನ ಮುಗಿಯುವ ಮೊದಲೇ ಹೊರೆ ಹೊತ್ತರೆ, ಹಳೆಯ ಕೆಮ್ಮು, ಮಲಬದ್ಧತೆಗಳಿದ್ದರೆ ಇನ್ನಷ್ಟು ಸೋಲುತ್ತವೆ. ಆಗ ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಮೂತ್ರ ಸೋರುತ್ತದೆ. ಕೆಲವರಿಗೆ ಒಮ್ಮೆಲೇ ಅವಸರವಾಗಿ, ಬಚ್ಚಲು ಮುಟ್ಟುವುದರೊಳಗೆ ಆಗಿಬಿಡುತ್ತದೆ. ಸಕ್ಕರೆ ಕಾಯಿಲೆ, ಮೂತ್ರದ ಸೋಂಕುಗಳೂ ಕಾರಣವಾಗಬಹುದು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಆದರೂ ಹೆಂಗಸರು ಹೋಗುವುದಿಲ್ಲ. "ಹಡೆದವರಿಗೆಲ್ಲ ಇದ್ದದ್ದೇ" ಎಂಬ ಹಿರಿಯರ ಮಾತು ಮೊದಲ ತಡೆ. ಮಡಿ-ಮೈಲಿಗೆಯ ಭಯ ಎರಡನೆಯದು: ಬಟ್ಟೆ ಕೆಟ್ಟಿತೆಂದು ಒಬ್ಬಾಕೆ ದೇವರ ಕೋಣೆಗೆ ಹೋಗುವುದಿಲ್ಲ, ವಜೂ ಮುರಿಯಿತೆಂದು ಇನ್ನೊಬ್ಬಾಕೆ ನಮಾಜಿಗೆ ನಿಲ್ಲಲು ಅಂಜುತ್ತಾಳೆ. ಇಂಥ ಬೇನೆಯವರಿಗೆ ಇಸ್ಲಾಮಿನ ವಿಧಿಯಲ್ಲೇ ರಿಯಾಯಿತಿ ಇದೆ ಎಂಬುದು ಎಷ್ಟೋ ಮಂದಿಗೆ ತಿಳಿಯದು. ಗಂಡಸು ಡಾಕ್ಟರ ಮುಂದೆ ಬಾಯಿ ಬಿಡುವ ಸಂಕೋಚ, ಜೊತೆಗೆ ಬರುವವರಿಗೆ ಕಾರಣ ಹೇಳಬೇಕಾದ ನಾಚಿಕೆ, ಒಂದು ದಿನದ ಕೂಲಿ ಹೋಗುವ ಚಿಂತೆ, ಗರ್ಭಕೋಶವನ್ನೇ ತೆಗೆದುಬಿಟ್ಟಾರೆಂಬ ಹೆದರಿಕೆ ಇವೂ ಸೇರುತ್ತವೆ. ಕೊನೆಗೆ ಆಕೆ ಮದುವೆ, ಜಾತ್ರೆ, ಬಸ್ಸಿನ ಪ್ರಯಾಣ ಎಲ್ಲವನ್ನೂ ಬಿಟ್ಟು ಮನೆ ಹಿಡಿಯುತ್ತಾಳೆ.

ನೀರು ಬಿಡುವುದು ಪರಿಹಾರವಲ್ಲ. ಮೂತ್ರ ಗಟ್ಟಿಯಾಗಿ ಉರಿ, ಸೋಂಕು ಹೆಚ್ಚುತ್ತವೆ. ಈ ಸೋರಿಕೆಯೊಂದಕ್ಕೇ ಗರ್ಭಕೋಶ ತೆಗೆಸುವುದೂ ಪರಿಹಾರವಲ್ಲ. ಮೊದಲ ಚಿಕಿತ್ಸೆ ವ್ಯಾಯಾಮ. ಅಮೆರಿಕದ ಡಾಕ್ಟರ್ ಕೆಗೆಲ್ ಇದನ್ನು 1948ರಲ್ಲಿ ಪ್ರಚಾರಕ್ಕೆ ತಂದರು. ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಬಿಗಿಹಿಡಿದು ಐದು ಎಣಿಸುವುದು, ಸಡಿಲಿಸಿ ಐದು ಎಣಿಸುವುದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಮೂತ್ರ ಮಾಡುವಾಗ ಅಭ್ಯಾಸ ಮಾಡಬಾರದು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿದರೆ ಬಹಳ ಮಂದಿಗೆ ಗುಣ ಕಾಣುತ್ತದೆ. ಸಾಲದಿದ್ದರೆ ಔಷಧಿಯಿದೆ, ಶಸ್ತ್ರಚಿಕಿತ್ಸೆಯಿದೆ. ಆದರೆ ಮೂತ್ರದಲ್ಲಿ ರಕ್ತ, ಜ್ವರದೊಡನೆ ಉರಿ, ಗರ್ಭಕೋಶ ಕೆಳಗೆ ಜಾರಿದಂತೆ ಅನಿಸುವುದು, ಕಷ್ಟದ ಹೆರಿಗೆಯ ನಂತರ ಹಗಲಿರುಳು ಸೋರುವುದು ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಡಾಕ್ಟರಿಗೆ ಹೇಳಲು ನಾಚಿಕೆಯಾದರೆ ಊರಿನ ಆಶಾ ಕಾರ್ಯಕರ್ತೆಗೆ ಹೇಳಲಿ.

ನಮ್ಮ ಪಾಲಿನ ಕೆಲಸವೂ ಇದೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ದೊಡ್ಡ ಕಾಫಿ, ಚಹಾ ತೋಟಗಳಲ್ಲಿ ಕಕ್ಕಸು ಕಟ್ಟಿಸಬೇಕೆಂದು ವಿಧಿಸಿತ್ತು. ನಮ್ಮ ಸಣ್ಣ ಅಡಿಕೆ ತೋಟಗಳನ್ನು ಅದು ಮುಟ್ಟಲಿಲ್ಲ. ಕಾಯಿದೆ ಕೇಳದಿದ್ದರೂ ಅಡಿಕೆ ಸುಲಿಯುವ ಕಣದ ಹತ್ತಿರ ಬಾಗಿಲಿರುವ ಒಂದು ಕಕ್ಕಸು, ಒಂದು ತೊಟ್ಟಿ ನೀರು ಇರಲಿ. ಆಸ್ಪತ್ರೆಗೆ ಹೋಗುವವಳ ಅರ್ಧ ದಿನದ ಕೂಲಿ ಹಿಡಿಯುವುದು ಬೇಡ. ಕಾರಣ ಕೇಳುವುದೂ ಬೇಡ. ಈ ಪತ್ರಿಕೆಯನ್ನು ಮನೆಯ ಹೆಂಗಸರ ಕೈಗೆ ಕೊಡಿ. ಓದು ಬಾರದವರಿಗೆ ಅವರೇ ಓದಿ ಹೇಳಲಿ.

ನಮ್ಮ ಕಣದಲ್ಲಿ ಈಗ ಕಕ್ಕಸು ಆಗಿದೆ. ಆಕೆಯೂ ಕೆಲಸಕ್ಕೆ ಮರಳಿದ್ದಾಳೆ. ಗದರಿಸುವ ಮೊದಲೇ ಕಟ್ಟಿಸಬೇಕಿತ್ತು.

— ಕಾರ್ಯದರ್ಶಿ