ಕೋಡಂಬಾಕಂನಲ್ಲಿ ಹುಟ್ಟಿದ ಕನ್ನಡದ ಹಾಡುಗಳು

1967ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಬೆಳಗು’ ಕವಿತೆಯಿದೆ. ವಿಜಯಭಾಸ್ಕರ್ ರಾಗ ಹಾಕಿದರು, ಎಸ್. ಜಾನಕಿ ಹಾಡಿದರು. ಕವನ ಸಂಕಲನವನ್ನು ಕೈಯಲ್ಲಿ ಹಿಡಿದೇ ಇರದ ಮನೆಗಳಲ್ಲೂ ಆ ಪದ್ಯ ಬಾಯಿಪಾಠವಾಯಿತು. ಕವಿ ಧಾರವಾಡದವರು, ನಿರ್ದೇಶಕರು ಮೈಸೂರು ಸೀಮೆಯವರು, ಗಾಯಕಿ ಗುಂಟೂರು ಜಿಲ್ಲೆಯವರು. ಇಂಥವರನ್ನೆಲ್ಲ ಒಂದೆಡೆ ಸೇರಿಸುತ್ತಿದ್ದ ಊರು ಮದ್ರಾಸು. ಅರವತ್ತರ ದಶಕದ ಕೊನೆಯಲ್ಲಿ ಕನ್ನಡಿಗರು ಗುನುಗಿದ ಚಿತ್ರಗೀತೆಗಳು ಬಹುಮಟ್ಟಿಗೆ ಅಲ್ಲಿನ ಕೋಡಂಬಾಕಂ, ವಡಪಳನಿ ಕಡೆಯ ಸ್ಟುಡಿಯೋಗಳಲ್ಲೇ ಧ್ವನಿಮುದ್ರಣಗೊಂಡವು.

ಆ ಹಾಡುಗಳು ಇವತ್ತಿಗೂ ಉಳಿದಿರುವುದಕ್ಕೆ ಹಳೆಯ ಕಾಲದ ಮೇಲಿನ ಮೋಹವಷ್ಟೇ ಕಾರಣವೆಂದು ನನಗನ್ನಿಸುವುದಿಲ್ಲ. ಅವನ್ನು ಕಟ್ಟುತ್ತಿದ್ದ ಬಗೆಯಲ್ಲೇ ಗುಟ್ಟಿದೆ.

ಮೊದಲಿಗೆ ಕಂಪೋಸಿಂಗ್. ಹಾರ್ಮೋನಿಯಂ ಮುಂದೆ ಸಂಗೀತ ನಿರ್ದೇಶಕರು, ಪಕ್ಕದಲ್ಲಿ ತಬಲಾ, ಎದುರಿಗೆ ಚಿತ್ರದ ನಿರ್ದೇಶಕರು ಮತ್ತು ಹಾಡು ಬರೆಯುವವರು. ಸನ್ನಿವೇಶ ಹೇಳಿದ ಮೇಲೆ ಪಲ್ಲವಿಯ ಹುಡುಕಾಟ. ಕೆಲವೊಮ್ಮೆ ಸಾಹಿತ್ಯ ಮೊದಲು, ಕೆಲವೊಮ್ಮೆ ಟ್ಯೂನ್ ಮೊದಲು. ಕಣಗಾಲ್ ಪ್ರಭಾಕರ ಶಾಸ್ತ್ರಿ, ಹುಣಸೂರು ಕೃಷ್ಣಮೂರ್ತಿ, ಕು.ರಾ. ಸೀತಾರಾಮಶಾಸ್ತ್ರಿ, ಗೀತಪ್ರಿಯ, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್: ಇವರಲ್ಲಿ ಹಲವರು ಅದೇ ಕೈಯಲ್ಲಿ ಸಂಭಾಷಣೆಯನ್ನೂ ಬರೆಯುತ್ತಿದ್ದವರು. ಹಾಡಿನ ಹಿಂದುಮುಂದಿನ ಮಾತೇನು, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಹಾಗಾಗಿಯೇ ಆ ಗೀತೆಗಳಲ್ಲಿ ಪ್ರಾಸಕ್ಕಾಗಿ ತುರುಕಿದ ಪದಗಳು ಕಡಿಮೆ.

ರೆಕಾರ್ಡಿಂಗ್ ದಿನದ ಕೆಲಸ ನಿಜಕ್ಕೂ ಕಠಿಣ. ಈಗಿನಂತೆ ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕರೆಸಿ, ದನಿಯನ್ನೂ ವಾದ್ಯಗಳನ್ನೂ ಆಮೇಲೆ ಜೋಡಿಸುವ ಅನುಕೂಲ ಇರಲಿಲ್ಲ. ಪಿಟೀಲಿನವರು, ಕೊಳಲು, ಸಿತಾರ್, ತಬಲಾ, ಕೋರಸ್, ಗಾಯಕರು ಎಲ್ಲರೂ ಒಂದೇ ಹೊತ್ತಿಗೆ ಸಿದ್ಧರಿರಬೇಕು. ಯಾವ ವಾದ್ಯ ಎಷ್ಟು ಕೇಳಬೇಕೆಂಬುದು ವಾದಕರು ಮೈಕಿನಿಂದ ಎಷ್ಟು ದೂರ ಕೂತಿದ್ದಾರೆ ಎಂಬುದರ ಮೇಲೂ ನಿಂತಿತ್ತು. ಕೊಳಲಿನವರು ತಮ್ಮ ಸರದಿ ಬಂದಾಗ ಮೈಕಿನ ಬಳಿ ಸರಿದು, ನುಡಿಸಿ, ಸದ್ದಾಗದಂತೆ ಹಿಂದೆ ಸರಿಯಬೇಕು. ಎರಡನೇ ಚರಣದ ಕೊನೆಯ ಸಾಲಿನಲ್ಲಿ ಒಬ್ಬರು ತಪ್ಪಿದರೂ ಮತ್ತೆ ಪಲ್ಲವಿಯಿಂದಲೇ ಟೇಕ್. ಗಾಯಕರು ಉಸಿರು ತೆಗೆದುಕೊಳ್ಳುವ ಜಾಗವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕಿತ್ತು. 1968ರ ‘ಬೇಡಿ ಬಂದವಳು’ ಚಿತ್ರಕ್ಕಾಗಿ ಪಿ.ಬಿ. ಶ್ರೀನಿವಾಸ್ ಮತ್ತು ಜಾನಕಿ ಹಾಡಿದ ನೀರಿನ ಅಲೆಗಳ ಯುಗಳಗೀತೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಕೇಳಿ. ಸಂಗೀತ ಆರ್. ಸುದರ್ಶನಂ ಅವರದು. ಒಬ್ಬರ ಸಾಲು ಮುಗಿಯುವಲ್ಲಿ ಇನ್ನೊಬ್ಬರು ಎಷ್ಟು ಹಗುರವಾಗಿ ಎತ್ತಿಕೊಳ್ಳುತ್ತಾರೆ! ಇಬ್ಬರೂ ಒಟ್ಟಿಗೆ ನಿಂತು, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ ಹಾಡಿದಾಗ ಮಾತ್ರ ಬರುವ ಸಲಿಗೆ ಅದು.

ಹಾಡಿನ ಅಳತೆಯನ್ನು ಗ್ರಾಮಫೋನ್ ತಟ್ಟೆಯೂ ನಿರ್ಧರಿಸುತ್ತಿತ್ತು. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷದ ಹಾಡು. ಪಲ್ಲವಿ, ಎರಡೋ ಮೂರೋ ಚರಣ, ನಡುವೆ ಚಿಕ್ಕ ವಾದ್ಯಭಾಗ, ಅಷ್ಟೆ. ಎಳೆಯಲು ಜಾಗವೇ ಇರಲಿಲ್ಲ.

ಇನ್ನು ನುಡಿಯ ಮಾತು. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಪಿ. ಸುಶೀಲಾ ಆಂಧ್ರದ ವಿಜಯನಗರಂನವರು, ಜಾನಕಿಯವರ ಮನೆಮಾತೂ ತೆಲುಗೇ. ಕನ್ನಡದ ಸಾಹಿತ್ಯವನ್ನು ಜಾನಕಿ ತೆಲುಗು ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಎರಡೂ ಲಿಪಿಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣ, ಲಕಾರ ಳಕಾರ ಎಲ್ಲವೂ ಇರುವುದರಿಂದ ಅಕ್ಷರ ತಪ್ಪುವ ಭಯವಿಲ್ಲ. ಆದರೆ ಅಕ್ಷರ ಸರಿಯಾದ ಮಾತ್ರಕ್ಕೆ ಭಾವ ಬಂದೀತೇ? ಅದಕ್ಕೆ ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಮಾತಿನ ಅರ್ಥ ತಿಳಿದುಕೊಳ್ಳಬೇಕು. 1969ರ ‘ಗೆಜ್ಜೆಪೂಜೆ’ಯಲ್ಲಿ ಕಲ್ಪನಾ ಅಭಿನಯಕ್ಕೆ ಜಾನಕಿ ಕೊಟ್ಟ ದನಿಯನ್ನು ಕೇಳಿದವರು ಅದು ಕಲಿತ ಭಾಷೆಯೆಂದು ನಂಬಲಾರರು. ಪಿ.ಬಿ.ಎಸ್. ಅಂತೂ ಹಲವು ಭಾಷೆಗಳಲ್ಲಿ ಸ್ವತಃ ಕವಿತೆ ಬರೆದವರು. ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಕೂತು ಬರೆಯುತ್ತಿದ್ದ ಅವರ ದನಿಯನ್ನು, ಕನ್ನಡದ ಪ್ರೇಕ್ಷಕ ‘ಅಣ್ಣಾವ್ರು’ ರಾಜ್‌ಕುಮಾರರ ದನಿಯೆಂದೇ ಒಪ್ಪಿಕೊಂಡಿದ್ದ. 1974ರ ‘ಸಂಪತ್ತಿಗೆ ಸವಾಲ್’ನಿಂದ ರಾಜ್‌ಕುಮಾರ್ ತಾವೇ ನಿಯಮಿತವಾಗಿ ಹಾಡತೊಡಗುವವರೆಗೂ ಆ ನಂಟು ಗಟ್ಟಿಯಾಗಿಯೇ ಇತ್ತು.

ಅರವತ್ತರ ದಶಕದ ಕೊನೆಯ ನಾಲ್ಕೈದು ವರ್ಷಗಳ ವೈವಿಧ್ಯ ನೋಡಿದರೆ ಬೆರಗಾಗುತ್ತದೆ. ಅನಕೃ ಕಾದಂಬರಿ ಆಧಾರಿತ ‘ಸಂಧ್ಯಾರಾಗ’ಕ್ಕೆ (1966) ಭೀಮಸೇನ ಜೋಶಿಯವರನ್ನು ಕರೆತಂದ ಜಿ.ಕೆ. ವೆಂಕಟೇಶ್, ಎರಡೇ ವರ್ಷದಲ್ಲಿ ‘ಜೇಡರ ಬಲೆ’ಯ ಪತ್ತೇದಾರಿಗೆ ಗಿಟಾರು, ಡ್ರಮ್ಸಿನ ಸಂಗೀತ ಕೊಟ್ಟರು. ಮುಂದೆ ಇಳಯರಾಜ ಇವರ ಬಳಿಯೇ ಸಹಾಯಕರಾಗಿ ದುಡಿದರು. ಟಿ.ಜಿ. ಲಿಂಗಪ್ಪ ‘ಎಮ್ಮೆ ತಮ್ಮಣ್ಣ’ದಲ್ಲಿ ಎಸ್.ಜಿ. ನರಸಿಂಹಾಚಾರ್ಯರ ಹಳೆಯ ಪದ್ಯವೊಂದಕ್ಕೆ ಹೊಸ ಜೀವ ತುಂಬಿದರು. ಮೈಸೂರಿನ ಅಣ್ಣತಮ್ಮಂದಿರಾದ ರಾಜನ್-ನಾಗೇಂದ್ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ಭಕ್ತಿಯನ್ನೂ ‘ಬಂಗಾರದ ಹೂವು’ ಚಿತ್ರದಲ್ಲಿ ಮನೆಮಂದಿಯ ಮಮತೆಯನ್ನೂ ಹಾಡಾಗಿಸಿದರು. ಎಂ. ರಂಗರಾವ್ 1967ರ ‘ನಕ್ಕರೆ ಅದೇ ಸ್ವರ್ಗ’ಕ್ಕೆ ಒಬ್ಬ ಹೊಸ ಹುಡುಗನಿಂದ ಹಾಡಿಸಿದರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮೊದಲ ಕನ್ನಡ ಹಾಡು ಅದು. ಒಬ್ಬನೇ ಸಂಯೋಜಕನನ್ನು ಆರಿಸಿಕೊಳ್ಳಿ ಎಂದರೆ ನಾನು ವಿಜಯಭಾಸ್ಕರ್ ಕಡೆಗೆ ವಾಲುತ್ತೇನೆ. ಕವಿತೆಗೆ ರಾಗ ಹಾಕುವಾಗ ಮಾತನ್ನು ಮುಳುಗಿಸದೆ ಬಿಡುವ ಸಂಯಮ ಅವರಿಗಿತ್ತು.

ಹಾಡು ಊರೂರಿಗೆ ಹೋಗುತ್ತಿದ್ದ ದಾರಿಗಳು ಹಲವು. ಆಕಾಶವಾಣಿ, ಸಿಲೋನ್ ರೇಡಿಯೋ, ಮದುವೆಮನೆಯ ಧ್ವನಿವರ್ಧಕ, ಗಣೇಶೋತ್ಸವದ ಆರ್ಕೆಸ್ಟ್ರಾ. ಜೊತೆಗೆ ಟಾಕೀಸಿನ ಬಾಗಿಲಲ್ಲಿ ಕೆಲವೇ ಪೈಸೆಗೆ ಸಿಗುತ್ತಿದ್ದ ಹಾಡಿನ ಪುಸ್ತಕ. ಅರ್ಧ ಕಥೆ ಹೇಳಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ನಿಲ್ಲಿಸುವ ಆ ತೆಳು ಕಾಗದದ ಪುಸ್ತಕಗಳನ್ನು ಹೊಲಿದು ಕಟ್ಟಿ ಕಾಪಾಡಿಟ್ಟ ಮನೆಗಳು ಎಷ್ಟೋ ಇವೆ.

ಆದರೆ ಆ ಪುಸ್ತಕಗಳಲ್ಲಾಗಲಿ, ತಟ್ಟೆಯ ಲೇಬಲ್ಲಿನಲ್ಲಾಗಲಿ ವಾದಕರ ಹೆಸರು ಹುಡುಕಿದರೆ ಸಿಗುವುದು ಅಪರೂಪ. ಬೆಳಿಗ್ಗೆ ತಮಿಳು, ಮಧ್ಯಾಹ್ನ ಕನ್ನಡ, ಸಂಜೆ ತೆಲುಗು ಎಂದು ಒಂದು ಕಾಲ್‌ಶೀಟಿನಿಂದ ಇನ್ನೊಂದಕ್ಕೆ ಓಡುತ್ತಿದ್ದ ಪಿಟೀಲಿನವರು, ಕೊಳಲಿನವರು, ಕೋರಸ್ಸಿನ ಹೆಣ್ಣುಮಕ್ಕಳು ಯಾರು? ಅವರ ಮಕ್ಕಳು, ಶಿಷ್ಯರು ಚೆನ್ನೈಯಲ್ಲಿ ಇನ್ನೂ ಇದ್ದಾರೆ. ಯಾವ ಹಾಡಿಗೆ ಯಾರು ನುಡಿಸಿದರು ಎಂಬ ಪಟ್ಟಿಯೊಂದನ್ನು ಅವರನ್ನು ಕೇಳಿ ಈಗಲೇ ಬರೆದಿಟ್ಟುಕೊಳ್ಳಬೇಕಿದೆ. ಆ ಕೆಲಸ ಆಗಲೇ ತಡವಾಗಿದೆ.