ಆಡಿದ ಮಾತು ಸರಕಿನ ಜೊತೆ ಹೋಗುತ್ತದೆ

ಮುಂಗಾರಿನ ಮೊದಲ ಹದ ಬಿದ್ದ ವಾರ, ನೆಂಟರ ಮನೆಯ ಕಾರ್ಯವೊಂದಕ್ಕೆ ಕುಷ್ಟಗಿ ತಾಲ್ಲೂಕಿನ ಹನುಮಸಾಗರಕ್ಕೆ ಹೋಗಿದ್ದೆವು. ಅಡಿಕೆ-ಕಾಫಿಯ ನೆರಳಿನಲ್ಲಿ ಬೆಳೆದ ನಮಗೆ ಆ ಸೀಮೆ ಬೇರೆಯೇ ಲೋಕ. ಸಜ್ಜೆ, ತೊಗರಿ, ಮೆಕ್ಕೆಜೋಳದ ಹೊಲಗಳು. ಕೊಳವೆಬಾವಿಯಲ್ಲಿ ನೀರು ಉಳಿದವರಿಗೆ ದಾಳಿಂಬೆ. ಊಟ ಮುಗಿದ ಮೇಲೆ ಪೇಟೆಯ ಕಡೆ ಹೊರಟವರು ಒಂದು ಬೀಜದ ಅಂಗಡಿಯ ಕಟ್ಟೆಯ ಮೇಲೆ ಕುಳಿತೆವು. ಅಲ್ಲಿ ಕಿವಿಗೆ ಬಿದ್ದ ಒಂದು ಮಾತುಕತೆಯೇ ಈ ಲೇಖನಕ್ಕೆ ಕಾರಣ.

ವಯಸ್ಸಾದ ರೈತರೊಬ್ಬರು ಸಜ್ಜೆಯ ಪೊಟ್ಟಣ ಹಿಡಿದು ಕೇಳಿದರು: “ಹುಟ್ಟತಾವೇನ್ರಿ ಇವು? ಹ್ವಾದ ವರ್ಷ ಬಿತ್ತಿದ್ದು ಅರ್ಧ ನೆಲದಾಗ ಉಳೀತು.”

“ಏ ಯಜಮಾನ್ರ, ಬಂಗಾರದಂಥ ಬೀಜ ಅದಾವ. ನೂರಕ್ಕ ತೊಂಬತ್ತು ಹುಟ್ಟಲಿಲ್ಲಂದ್ರ ನನ್ನ ಕೇಳ್ರಿ. ಬಿಲ್ಲು ಬರೀಲೇನು?”

“ಬಿಲ್ಲ ಯಾಕ ಬೇಕು? ನಿಮ್ಮ ಮಾತ ಸಾಕು.”

ರೈತರು ದುಡ್ಡು ಕೊಟ್ಟು ಹೊರಟುಹೋದರು. ಈ ಮೂರು ಮಾತಿನೊಳಗೆ ವ್ಯಾಪಾರದ ಕಾನೂನಿನ ಒಂದು ಅಧ್ಯಾಯವೇ ಅಡಗಿದೆ ಎಂದರೆ ಸದಸ್ಯ ಬಾಂಧವರು ನಕ್ಕಾರು. ಆದರೆ ಅದು ನಿಜ.

ವಾರಂಟಿ ಎಂದೊಡನೆ ನಮ್ಮ ಕಣ್ಣಿಗೆ ಕಾಣುವುದು ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಬರುವ ಬಣ್ಣದ ಕಾರ್ಡು. ಅದಿಲ್ಲದಿದ್ದರೆ ವಾರಂಟಿಯೇ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ತಪ್ಪು. ಮಾರುವವನು ಸರಕಿನ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಿ, ಆ ಮಾತು ವ್ಯಾಪಾರದ ಭಾಗವಾದರೆ ಅದೇ ವಾರಂಟಿ. ಬಾಯಿಬಿಟ್ಟು ಅಥವಾ ಬರೆದು ಕೊಟ್ಟದ್ದರಿಂದ ಅದನ್ನು ವ್ಯಕ್ತ ವಾರಂಟಿ ಎನ್ನುತ್ತಾರೆ. ಯಾರೂ ಏನೂ ಹೇಳದಿದ್ದರೂ ಕಾನೂನು ತಾನಾಗಿ ಸೇರಿಸುವ ಭರವಸೆಗಳು ಬೇರೆ ಇವೆ. ಅವುಗಳ ಮಾತು ಇಲ್ಲಿ ಬೇಡ.

ಹಿಂದೆ ಹೀಗಿರಲಿಲ್ಲ. 1603ರಲ್ಲಿ ಇಂಗ್ಲೆಂಡಿನ ಅಕ್ಕಸಾಲಿಗನೊಬ್ಬ ಒಂದು ಕಲ್ಲನ್ನು ಬೆಜೋರ್ ಎಂದು ಹೇಳಿ ನೂರು ಪೌಂಡಿಗೆ ಮಾರಿದ. ಬೆಜೋರ್ ಎಂದರೆ ಪ್ರಾಣಿಗಳ ಹೊಟ್ಟೆಯಲ್ಲಿ ಸಿಗುವ, ವಿಷ ಇಳಿಸುತ್ತದೆಂದು ಆಗಿನವರು ನಂಬಿದ್ದ ವಸ್ತು. ಕಲ್ಲು ಬೆಜೋರ್ ಆಗಿರಲಿಲ್ಲ. ಆದರೂ ಕೊಂಡವನು ಸೋತ. ಮಾರಿದವನು “ಇದು ಬೆಜೋರ್” ಎಂದನೇ ಹೊರತು “ವಾರಂಟಿ ಕೊಡುತ್ತೇನೆ” ಎನ್ನಲಿಲ್ಲವಂತೆ! ನ್ಯಾಯಾಲಯಗಳು ಆ ಕಾಲವನ್ನು ದಾಟಿ ಬಹುದೂರ ಬಂದಿವೆ. ಈಗ ಆ ಪದವನ್ನೇ ಬಳಸಬೇಕೆಂಬ ನಿಯಮವಿಲ್ಲ. ನಮ್ಮ 1930ರ ಸರಕು ಮಾರಾಟ ಅಧಿನಿಯಮದ 12ನೆಯ ಕಲಮು ಕರಾರಿನ ಮಾತುಗಳನ್ನು ಷರತ್ತು, ವಾರಂಟಿ ಎಂದು ಎರಡಾಗಿ ವಿಂಗಡಿಸುತ್ತದೆ. ವ್ಯಾಪಾರದ ಮುಖ್ಯ ಉದ್ದೇಶಕ್ಕೇ ಬೇಕಾದದ್ದು ಷರತ್ತು; ಅದು ತಪ್ಪಿದರೆ ಸರಕನ್ನೇ ತಿರಸ್ಕರಿಸಬಹುದು. ಅದರ ಪಕ್ಕದ್ದು ವಾರಂಟಿ. ಅದು ತಪ್ಪಿದರೆ ಪರಿಹಾರ ಮಾತ್ರ. ಕರಾರಿನಲ್ಲಿ ವಾರಂಟಿ ಎಂದು ಬರೆದಿದ್ದರೂ ಅದು ವಾಸ್ತವವಾಗಿ ಷರತ್ತೇ ಆಗಿರಬಹುದು ಎಂದೂ ಅದೇ ಕಲಮು ಹೇಳುತ್ತದೆ. ಹೆಸರಿಗಿಂತ ಹುರುಳು ಮುಖ್ಯ.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಇನ್ನೂ ಬಿಡಿಸಿ ಹೇಳಿದೆ. ಸರಕಿನ ಬಗ್ಗೆ ಮಾಡಿದ ಮಹತ್ವದ ಹೇಳಿಕೆ, ಕೊಟ್ಟ ವಚನ, ಮಾಡಿದ ವರ್ಣನೆ, ತೋರಿಸಿದ ಮಾದರಿ, ಇವುಗಳಂತೆಯೇ ಸರಕು ಇರುತ್ತದೆ ಎಂಬ ಭರವಸೆಯೇ ವ್ಯಕ್ತ ವಾರಂಟಿ. ಮಾದರಿ ಎಂಬ ಮಾತನ್ನು ಗಮನದಲ್ಲಿಡಿ. ಒಂದು ಹಿಡಿ ಕಾಫಿ ತೋರಿಸುವುದೂ ಒಂದು ಬಗೆಯ ಮಾತೇ.

ಹಾಗಾದರೆ ಅಂಗಡಿಯವನ ಬಾಯಲ್ಲಿ ಬಂದದ್ದೆಲ್ಲ ವಾರಂಟಿಯೇ? ಅಲ್ಲ. “ಬಂಗಾರದಂಥ ಬೀಜ” ಎಂಬುದು ವ್ಯಾಪಾರದ ಹೊಗಳಿಕೆ. ಅದನ್ನು ಹಿಡಿದುಕೊಂಡು ಯಾವ ನ್ಯಾಯಾಲಯಕ್ಕೂ ಹೋಗಲಾಗದು. “ನೂರಕ್ಕೆ ತೊಂಬತ್ತು” ಎಂಬುದು ಹಾಗಲ್ಲ, ಅದು ಎಣಿಸಿ ನೋಡಬಹುದಾದ ಸಂಗತಿ. ಹೇಳಿದವನು ಯಾರು ಎಂಬುದಕ್ಕೂ ತೂಕವುಂಟು. 1965ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಒಂದು ಕಾರಿನ ತಂಟೆ ಬಂತು. ಎಂಜಿನ್ ಬದಲಿಸಿದ ಮೇಲೆ ಇಪ್ಪತ್ತು ಸಾವಿರ ಮೈಲಿ ಮಾತ್ರ ಓಡಿದೆ ಎಂದು ಹೇಳಿ ಕಾರು ವ್ಯಾಪಾರಿ ಮಾರಿದ್ದ. ಓಡಿದ್ದು ಲಕ್ಷದ ಹತ್ತಿರ. ಅದೇ ಕಸುಬಿನವನು, ವಿಚಾರಿಸಿ ತಿಳಿಯಬಲ್ಲವನು ಹೇಳಿದ ಮಾತು ವಾರಂಟಿಯೇ ಎಂದು ತೀರ್ಪಾಯಿತು. ಏನೂ ಅರಿಯದ ನೆರೆಮನೆಯವನು ಅದೇ ಮಾತು ಹೇಳಿದ್ದರೆ ಫಲಿತಾಂಶ ಬೇರೆಯಾಗಬಹುದಿತ್ತು.

ಇನ್ನು ಪೊಟ್ಟಣದ ಮೇಲಿನ ಚೀಟಿ. 1966ರ ಬೀಜ ಅಧಿನಿಯಮದ ಪ್ರಕಾರ ಅಧಿಸೂಚಿತ ತಳಿಯ ಬೀಜ ಕನಿಷ್ಠ ಮೊಳಕೆ ಪ್ರಮಾಣವನ್ನು ಮುಟ್ಟಿರಬೇಕು, ಚೀಟಿಯಲ್ಲಿ ಅದು ಕಾಣಬೇಕು. ಮಿಶ್ರತಳಿ ಮೆಕ್ಕೆಜೋಳಕ್ಕೆ ಅದು ಶೇ. 90, ಸಜ್ಜೆಗೆ ಶೇ. 75. ಅಂದರೆ ಆ ಅಂಗಡಿಯವರು ಸಜ್ಜೆಗೆ ತೊಂಬತ್ತು ಎಂದಾಗ ಕನಿಷ್ಠದ ಅಳತೆಗಿಂತ ಹದಿನೈದು ಹೆಚ್ಚು ಹೇಳಿದ್ದರು. ತಯಾರಕರು ಕೊಟ್ಟದ್ದರ ಮೇಲೆ ಮಾರಾಟಗಾರನು ತಾನೇ ಬೇರೆ ವಾರಂಟಿ ಕೊಟ್ಟು, ಸರಕು ಅದರಂತಿರದೆ ಹಾನಿಯಾದರೆ, 2019ರ ಅಧಿನಿಯಮದಲ್ಲಿ ಆ ಹೊಣೆ ಅವನದೇ. ತಯಾರಕರಂತೂ ತಮ್ಮ ವಾರಂಟಿಯ ಮಾತಿಗೆ, ಹೇಳುವಾಗ ಅಜಾಗ್ರತೆ ಇರಲಿಲ್ಲವೆಂದು ಸಾಧಿಸಿದರೂ, ಹೊಣೆಯಿಂದ ತಪ್ಪಿಸಿಕೊಳ್ಳಲಾರರು.

ಇಷ್ಟೆಲ್ಲ ಹಕ್ಕು ಆ ಹಿರಿಯರ ಕೈಗೆ ಬಂದಿತ್ತು. ಬಿಲ್ಲು ಬೇಡವೆಂದಾಗ ಅದರ ಗುರುತನ್ನು ಅವರು ಅಂಗಡಿಯಲ್ಲೇ ಬಿಟ್ಟುಹೋದರು. ಬಾಯಿಮಾತಿನ ವಾರಂಟಿಯೂ ಊರ್ಜಿತವೇ. ಆದರೆ ಅದನ್ನು ಯಾರು ಸಾಕ್ಷಿ ಹೇಳಬೇಕು? ಕಟ್ಟೆಯ ಮೇಲೆ ಕುಳಿತಿದ್ದ ನಾವೇ?

ರೈತನ ಕಷ್ಟವನ್ನು ಸುಪ್ರೀಂ ಕೋರ್ಟು ಬಲ್ಲದು. 2012ರ ಜನವರಿಯಲ್ಲಿ, ಆಂಧ್ರಪ್ರದೇಶದ ರೈತರ ವಿರುದ್ಧ ರಾಷ್ಟ್ರೀಯ ಬೀಜ ನಿಗಮ ತಂದಿದ್ದ ಮೇಲ್ಮನವಿಗಳನ್ನು ಅದು ತಳ್ಳಿಹಾಕಿತು. ಬೀಜ ಕೊಂಡ ರೈತ ಗ್ರಾಹಕನೇ ಹೌದು. ಕೊಂಡ ಬೀಜವನ್ನೆಲ್ಲ ಬಿತ್ತುವವನು ಮುಂದೆ ಪರೀಕ್ಷೆಗೆ ಬೇಕಾದೀತೆಂದು ಒಂದು ಪಾಲು ತೆಗೆದಿಡಬೇಕೆಂದು ನಿರೀಕ್ಷಿಸಲಾಗದು ಎಂದಿತು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನ ಖರೀದಿ ಕಾನೂನಿನ ದೃಷ್ಟಿಯಲ್ಲಿ ವಾಣಿಜ್ಯದ ಉದ್ದೇಶದ್ದಾಗುವುದಿಲ್ಲ. ಈಗ ದೂರನ್ನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅವಧಿ ಎರಡು ವರ್ಷ.

ಈ ಎರಡು ವರ್ಷವೇ ತೋಟದವರ ಪೇಚು. ಸಜ್ಜೆ ಹುಟ್ಟಿತೋ ಇಲ್ಲವೋ ವಾರದಲ್ಲಿ ತಿಳಿಯುತ್ತದೆ, ಅಡಿಕೆ ಸಸಿಯ ಜಾತಿ ತಿಳಿಯಲು ವರ್ಷಗಳೇ ಬೇಕು. ನಾವು ಒಮ್ಮೆ ನಾನೂರು ಸಸಿಗಳನ್ನು ‘ಮಂಗಳ’ ಎಂಬ ಮಾತಿನ ಮೇಲೆ ತಂದೆವು. ಚೀನಾ ಮೂಲದ, ವಿಟ್ಲದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ, ಗಿಡ್ಡವಾಗಿ ಬೇಗ ಹೊಂಬಾಳೆ ಬಿಡುವ ತಳಿ ಅದು. ಆರನೆಯ ವರ್ಷಕ್ಕೆ ಮರಗಳು ಮಾಡಿನ ಎತ್ತರ ದಾಟಿದವು, ಫಸಲು ಮಾತ್ರ ಕಾಣಲಿಲ್ಲ. ನರ್ಸರಿಯವರನ್ನು ಕೇಳಿದರೆ “ನಾವು ಮಂಗಳ ಎಂದಿದ್ದೆವೇ?” ಎಂದರು. ಬಿಲ್ಲಿನಲ್ಲಿ ಬರೆದದ್ದು “ಅಡಿಕೆ ಸಸಿ 400” ಎಂದಷ್ಟೆ. ತಳಿಯ ಹೆಸರಿದ್ದಿದ್ದರೆ ಅದು ವರ್ಣನೆಯ ಮೇಲಿನ ಮಾರಾಟವಾಗುತ್ತಿತ್ತು. ಆಗಲೂ ಎರಡು ವರ್ಷವನ್ನು ಯಾವ ದಿನದಿಂದ ಎಣಿಸಬೇಕೆಂಬ ವಾದ ಉಳಿಯುತ್ತಿತ್ತು. ವಾದಿಸಲು ಕಾಗದವಾದರೂ ಇರುತ್ತಿತ್ತು.

ಕೊಳ್ಳುವವರ ಗೋಳನ್ನೇ ಹೇಳಿ ನಿಲ್ಲಿಸಿದರೆ ನಮ್ಮ ಮುಖಕ್ಕೆ ನಾವೇ ಸುಣ್ಣ ಬಳಿದುಕೊಂಡಂತೆ. ನಾವು ಮಾರುವವರೂ ಹೌದಲ್ಲವೇ? ಕಾಫಿ ಮಂಡಳಿಯ ಪೂಲ್ ಇದ್ದಷ್ಟು ಕಾಲ ಬೆಳೆಗಾರನ ಮಾತು ಕೊಳ್ಳುವವನ ಕಿವಿಗೆ ಬೀಳುತ್ತಲೇ ಇರಲಿಲ್ಲ. 1996ರ ಹೊತ್ತಿಗೆ ಎಲ್ಲರಿಗೂ ಮುಕ್ತ ಮಾರಾಟ ಬಂದ ಮೇಲೆ ವ್ಯಾಪಾರಿಯ ಜೊತೆ ಮಾತಾಡುವವರು ನಾವೇ ಆದೆವು. ಒಂದು ವರ್ಷ ನಾವು ಪಾರ್ಚ್‌ಮೆಂಟಿನ ತೇವ ಹತ್ತಕ್ಕಿಂತ ಮೇಲಿಲ್ಲವೆಂದು ಫೋನಿನಲ್ಲಿ ಹೇಳಿ, ಚೆನ್ನಾಗಿ ಒಣಗಿದ ಚೀಲದಿಂದ ಮಾದರಿ ಕಳಿಸಿದೆವು. ಕಡೆಯ ಕೊಯ್ಲಿನದ್ದು ಮೋಡದಲ್ಲಿ ಅರೆ ಒಣಗಿತ್ತು, ಅದೂ ಅದೇ ಲಾರಿಗೆ ಹೋಯಿತು. ವ್ಯಾಪಾರಿ ಹಣ ಮುರಿದುಕೊಂಡಾಗ ಊರೆಲ್ಲ ಬೈದುಕೊಂಡು ತಿರುಗಿದೆವು. 1930ರ ಅಧಿನಿಯಮದ 17ನೆಯ ಕಲಮನ್ನು ಓದಿದ್ದು ಆಮೇಲೆ. ಮಾದರಿ ತೋರಿಸಿ ಮಾರಿದರೆ ರಾಶಿಯೆಲ್ಲ ಮಾದರಿಯಂತಿರಬೇಕು, ಹೋಲಿಸಿ ನೋಡಲು ಕೊಳ್ಳುವವನಿಗೆ ಅವಕಾಶವಿರಬೇಕು, ಮೇಲುನೋಟಕ್ಕೆ ಕಾಣದ ದೋಷವಿರಬಾರದು. ವ್ಯಾಪಾರಿ ಮುರಿದದ್ದು ನ್ಯಾಯವಾಗಿಯೇ ಇತ್ತು. ಅಡಿಕೆಯಲ್ಲೂ ಹೀಗೆಯೇ. ಬೆಟ್ಟೆ ಎಂದು ಬರೆಸಿದ ಚೀಲದಲ್ಲಿ ಗೊರಬಲು ಸಿಕ್ಕರೆ ಆ ಬರಹ ನಮ್ಮ ಮೇಲೆಯೇ ತಿರುಗುತ್ತದೆ.

ಈ ಮಳೆಗಾಲದಿಂದ ಸಂಘದ ಮೂಲಕ ಕೊಡುವ ಪ್ರತಿ ಸಸಿಯ ಬಿಲ್ಲಿನಲ್ಲಿ ತಳಿಯ ಹೆಸರು, ತಾಯಿಮರದ ತೋಟ, ಸಸಿಯ ವಯಸ್ಸು ಬರೆಯುವ ಏರ್ಪಾಟು ಮಾಡಿದ್ದೇವೆ. ಗುಮಾಸ್ತರು ಆತುರದಲ್ಲಿ ಬರೆಯದೆ ಬಿಟ್ಟರೆ ಸದಸ್ಯರು ಕೌಂಟರಿನಿಂದ ಕದಲಬಾರದು. ಕಾಫಿ ಮಾದರಿ ಕಳಿಸುವವರು ಪ್ರತಿ ಚೀಲದಿಂದಲೂ ಒಂದೊಂದು ಹಿಡಿ ತೆಗೆದು ಬೆರೆಸಿ, ಅರ್ಧವನ್ನು ಮೊಹರು ಹಾಕಿ ಕಚೇರಿಯಲ್ಲಿ ಇಡಬಹುದು. ಅದಕ್ಕೆ ಕಪಾಟು ಖಾಲಿ ಮಾಡಿಸಿದ್ದೇವೆ.