ಜೀನು-ಲಸಿಕೆಗೆ ವೈರಸ್ ಪ್ರೋಟೀನಿನ ನೆರವು

ಬಳ್ಳಾರಿ ನಗರವನ್ನು ಬಿಟ್ಟು ಕುರುಗೋಡು, ಸಿರುಗುಪ್ಪಗಳ ಕಡೆಗೆ ಸಾಗಿದಂತೆ ಒಣನೆಲ ಹಿಂದೆ ಸರಿದು, ತುಂಗಭದ್ರೆಯ ಕಾಲುವೆಯ ನೀರುಂಡ ಬತ್ತದ ಗದ್ದೆಗಳು ಎದುರಾಗುತ್ತವೆ. ನಮಗೆ ಅನ್ನವನ್ನೀಯುವ ಈ ನಿಂತ ನೀರು ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳಿಗೂ ತವರು. ಜಪಾನೀ ಮಿದುಳು ಜ್ವರದ ವೈರಸ್ಸು ನೀರುಹಕ್ಕಿಗಳಲ್ಲಿಯೂ ಹಂದಿಗಳಲ್ಲಿಯೂ ವೃದ್ಧಿ ಹೊಂದಿ, ಈ ಸೊಳ್ಳೆಗಳ ಮೂಲಕ ಮನುಷ್ಯನನ್ನು ಸೇರುತ್ತದೆ. ಸೋಂಕು ತಗುಲಿದ ಬಹುಮಂದಿಯಲ್ಲಿ ರೋಗಲಕ್ಷಣವೇ ತೋರದು. ಆದರೆ ಮಿದುಳಿಗೆ ಬಾಧೆ ತಟ್ಟಿದವರಲ್ಲಿ ನೂರಕ್ಕೆ 30ರವರೆಗೂ ಮರಣ ಸಂಭವಿಸಬಹುದು. ಬದುಕಿ ಉಳಿದವರಲ್ಲಿ ಅನೇಕರಿಗೆ ಅಂಗವೈಕಲ್ಯ, ಮಾತಿನ ತೊಡಕು, ಮೂರ್ಛೆ ಮೊದಲಾದುವು ಜೀವಮಾನವೆಲ್ಲ ಕಾಡುತ್ತವೆ. ಈ ವೈರಸ್ಸನ್ನೇ ನಾಶಪಡಿಸುವ ಔಷಧವಿಲ್ಲದಿರುವುದರಿಂದ ಲಸಿಕೆಯೇ ಮುಖ್ಯ ರಕ್ಷೆ. 2006ರಲ್ಲಿ ದೇಶದ 4 ರಾಜ್ಯಗಳ 11 ಜಿಲ್ಲೆಗಳಲ್ಲಿ ಮಕ್ಕಳಿಗೆ ಈ ಲಸಿಕೆಯನ್ನು ಹಾಕಲು ತೊಡಗಿದಾಗ, ಕರ್ನಾಟಕದಿಂದ ಆಯ್ಕೆಯಾದುದು ಬಳ್ಳಾರಿ ಜಿಲ್ಲೆ.

ಅಂದು ಬಳಸಿದುದು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ. ಇದಿರುವಾಗ ಬೇರೊಂದು ಮಾರ್ಗವೇಕೆ ಎಂದು ವಾಚಕರು ಕೇಳಬಹುದು. ಜೀನು-ಲಸಿಕೆಯಲ್ಲಿ ವೈರಸ್ಸನ್ನು ಬೆಳೆಸಬೇಕಾದ ಅಗತ್ಯವಿಲ್ಲ. ವೈರಸ್ಸಿನ ಒಂದು ಪ್ರೋಟೀನಿಗೆ ಸಂಬಂಧಿಸಿದ ಜೀನನ್ನು ಮಾತ್ರ ಡಿ.ಎನ್.ಎ. ಉಂಗುರವೊಂದರಲ್ಲಿ ಸೇರಿಸಿ ದೇಹಕ್ಕೆ ಕೊಟ್ಟರೆ, ನಮ್ಮ ಜೀವಕೋಶಗಳೇ ಆ ಪ್ರೋಟೀನನ್ನು ತಯಾರಿಸುತ್ತವೆ. ದೇಹವು ಅದನ್ನು ಪರಕೀಯವೆಂದು ಗುರುತಿಸಿ ರಕ್ಷಣೆಗೆ ಸಿದ್ಧವಾಗುತ್ತದೆ. ಹೊಸ ರೋಗವೊಂದು ತಲೆದೋರಿದಾಗ ಜೀನನ್ನು ಮಾತ್ರ ಬದಲಿಸಿ ಶೀಘ್ರವಾಗಿ ಲಸಿಕೆಯನ್ನು ರೂಪಿಸಬಹುದು.

ಆದರೆ ಈ ಮಾರ್ಗಕ್ಕೆ ಒಂದು ದೊಡ್ಡ ಕುಂದುಂಟು. ಕೊಟ್ಟ ಡಿ.ಎನ್.ಎ. ಕೆಲವೇ ಕೋಶಗಳನ್ನು ಹೊಗುತ್ತದೆ. ಅಲ್ಲಿ ತಯಾರಾದ ಅಲ್ಪ ಪ್ರೋಟೀನು ಅನೇಕ ವೇಳೆ ಅಲ್ಲಿಯೇ ಉಳಿಯುತ್ತದೆ. ಮನೆಯೊಳಗೆ ಅವಿತ ಕಳ್ಳನನ್ನು ಬೀದಿಯ ಕಾವಲುಗಾರ ಕಾಣಲಾರನಷ್ಟೆ. 1999ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಅಶೋಕ್ ಮತ್ತು ಪಿ. ಎನ್. ರಂಗರಾಜನ್ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಮಿದುಳು ಜ್ವರದ ವೈರಸ್ಸಿನ ಹೊದಿಕೆ-ಪ್ರೋಟೀನಿನ ಜೀನು ಇಲಿಗಳಿಗೆ ಗಣನೀಯ ರಕ್ಷಣೆಯನ್ನು ನೀಡಿತು. ಆದರೆ ವೈರಸ್ಸಿನ ವಿರುದ್ಧ ಪತ್ತೆಹಚ್ಚಬಹುದಾದಷ್ಟು ಪ್ರತಿಕಾಯಗಳು ಕಂಡುಬರಲಿಲ್ಲ.

ಈ ಕೊರತೆಯನ್ನು ನೀಗಲು ವೈರಸ್ಸಿನ ಪ್ರೋಟೀನುಗಳನ್ನೇ ಸಹಾಯಕ್ಕೆ ಕರೆಯಬಹುದೆಂಬುದು ಇಲ್ಲಿಯ ವಿಶೇಷ. ಇದಕ್ಕೆ ಮೂರು ಬಗೆಗಳನ್ನು ನೋಡೋಣ.

ಮೊದಲನೆಯದು, ಜೊತೆಗಾರ ಪ್ರೋಟೀನು. ಮಿದುಳು ಜ್ವರದ ವೈರಸ್ಸಿನಲ್ಲಿ ಹೊದಿಕೆ-ಪ್ರೋಟೀನು ಸರಿಯಾಗಿ ಮಡಿಸಿಕೊಳ್ಳಲು ಪೂರ್ವಪೊರೆ ಪ್ರೋಟೀನಿನ ಸಹವಾಸ ಬೇಕು. ಎರಡರ ಜೀನುಗಳನ್ನೂ ಒಟ್ಟಿಗೆ ಕೊಟ್ಟರೆ, ಒಳಗೆ ವಂಶದ್ರವ್ಯವಿಲ್ಲದ, ಹೊರಗೆ ವೈರಸ್ಸಿನಂತೆಯೇ ತೋರುವ ಕಣಗಳು ಕೋಶದಿಂದ ಹೊರಬೀಳುತ್ತವೆ. ಆಗ ಪ್ರತಿಕಾಯಗಳನ್ನು ತಯಾರಿಸುವ ಕೋಶಗಳಿಗೆ ಗುರಿ ಗೋಚರವಾಗುತ್ತದೆ. ಇಂಥ ಜೀನುಜೋಡಿ ಇಲಿಗಳಿಗೆ ರಕ್ಷಣೆ ನೀಡಿದುದನ್ನು 1998ರಲ್ಲಿ ಕೋನಿಶಿ ಮತ್ತು ಸಂಗಡಿಗರು ವರದಿ ಮಾಡಿದರು.

ಎರಡನೆಯದು, ಅಂಟಿಸಿದ ಪ್ರೋಟೀನು. ಸರ್ಪಸುತ್ತಿನ ವೈರಸ್ಸಿಗೆ ಹತ್ತಿರದ ಬಂಧುವಾದ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನಲ್ಲಿ ವಿ.ಪಿ. 22 ಎಂಬ ಪ್ರೋಟೀನಿದೆ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದ ಪ್ಯಾಪಿಲೋಮಾ ವೈರಸ್ಸಿನ ಇ-7 ಪ್ರೋಟೀನಿಗೆ ಇದನ್ನು ಬೆಸೆದಾಗ ಡಿ.ಎನ್.ಎ. ಲಸಿಕೆಯ ಪ್ರಭಾವ ಇಲಿಗಳಲ್ಲಿ ಹೆಚ್ಚಿತೆಂದು 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ತಿಳಿಸಿದರು. ವಿ.ಪಿ. 22 ಕೋಶದಿಂದ ಕೋಶಕ್ಕೆ ಸಂಚರಿಸುವುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಆ ಸಂಚಾರ ನಿಜವೆ, ಅಥವಾ ಸೂಕ್ಷ್ಮದರ್ಶಕಕ್ಕಾಗಿ ಕೋಶಗಳನ್ನು ಸಿದ್ಧಪಡಿಸುವಾಗ ಉಂಟಾದ ತೋರಿಕೆಯೆ ಎಂದು ಇತರರು ಶಂಕಿಸಿರುವುದನ್ನೂ ಇಲ್ಲಿ ಹೇಳಬೇಕು.

ಮೂರನೆಯದು, ಬೆರೆಸಿದ ಪ್ರೋಟೀನು. ರಂಗರಾಜನ್ ಅವರೂ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆಯವರೂ ಹುಚ್ಚುನಾಯಿ ರೋಗದ ಡಿ.ಎನ್.ಎ. ಲಸಿಕೆಗೆ ನಿಷ್ಕ್ರಿಯಗೊಳಿಸಿದ ವೈರಸ್ಸನ್ನು ಸ್ವಲ್ಪ ಪ್ರಮಾಣದಲ್ಲಿ ಬೆರೆಸಿ, ಅದರ ಸಾಮರ್ಥ್ಯ ಹೆಚ್ಚುವುದನ್ನು 2001ರಲ್ಲಿ ತೋರಿಸಿದರು. ಜೀನು ಮತ್ತು ಸಿದ್ಧ ಪ್ರೋಟೀನು ಒಂದಕ್ಕೊಂದು ಪೂರಕವಾದುವು.

ಇಲಿಯಲ್ಲಿ ಗೆದ್ದುದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ. 2021ರಲ್ಲಿ ಭಾರತವು ತುರ್ತು ಬಳಕೆಗೆ ಒಪ್ಪಿದ ಕೋವಿಡ್ ಡಿ.ಎನ್.ಎ. ಲಸಿಕೆಯನ್ನು 3 ಸಲ ಕೊಡಬೇಕಾಗಿತ್ತು. ಡೋಸುಗಳನ್ನು ಕಡಮೆ ಮಾಡುವುದು ಇನ್ನೂ ಸಾಧಿಸಬೇಕಾದ ಗುರಿಯೆಂಬುದು ಇದರಿಂದ ಸ್ಪಷ್ಟ. ನೆರವಿಗೆ ಬಂದ ಪ್ರೋಟೀನು ತಾನೇ ಹಾನಿ ಮಾಡದೆಂಬುದನ್ನೂ, ದೇಹದ ಗಮನವನ್ನು ಮುಖ್ಯ ಗುರಿಯಿಂದ ತನ್ನತ್ತ ಸೆಳೆಯದೆಂಬುದನ್ನೂ ಪರೀಕ್ಷಿಸಿ ನೋಡಬೇಕು.

ಈ ಪರೀಕ್ಷೆಗಳು ಮುಗಿಯುವವರೆಗೆ ಗದ್ದೆಯ ಸೊಳ್ಳೆ ಕಾಯುವುದಿಲ್ಲ. ಆದ್ದರಿಂದ 9–12 ಹಾಗೂ 16–24 ತಿಂಗಳ ವಯಸ್ಸಿನಲ್ಲಿ ಕೊಡುವ ಈಗಿನ ಲಸಿಕೆಯನ್ನು ಸಿರುಗುಪ್ಪ, ಕುರುಗೋಡುಗಳ ಯಾವ ಮಗುವಿಗೂ ತಪ್ಪಿಸಲಾಗದು. ಮುಂದಿನ ಸಂಶೋಧನೆ ಅದಕ್ಕೆ ಬಲ ತರಬೇಕಲ್ಲದೆ, ಅದನ್ನು ಅಲಕ್ಷಿಸಲು ನೆಪವಾಗಬಾರದು.